ಯಂತ್ರ ಬಂತು, ಯಂತ್ರವಿದ್ಯೆ ಯಾವಾಗ ಬಂತು?

ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ಆ ಸೀಮೆಯ ಜನ ಅದುವರೆಗೆ ಕಂಡಿರದ ಸಾಮಾನು ಇಳಿಯತೊಡಗಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಯಂತ್ರಗಳು, ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯ ಟರ್ಬೈನುಗಳು. ಮದ್ದೂರಿನಿಂದ ಶಿವನಸಮುದ್ರದ ಕಡೆಗೆ ರೈಲಿಲ್ಲ. ಮಳವಳ್ಳಿ ಹಾದು ಅಲ್ಲಿಗೆ ಮುಟ್ಟಬೇಕಾದರೆ ಐವತ್ತು ಕಿಲೋಮೀಟರಿನಷ್ಟು ಹಾದಿ. ಲಾರಿ ಎಂಬುದು ಇನ್ನೂ ಈ ಕಡೆಗೆ ಬಂದಿರಲಿಲ್ಲ. ಹೊರಲಾರದ ಭಾರವನ್ನೆಲ್ಲ ಎತ್ತಿನ ಗಾಡಿಗಳೂ ಆನೆಗಳೂ ಎಳೆದವು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಹಿಡಿದ ಹಟ ಅದು. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಹಾಕಿಕೊಟ್ಟ ಯೋಜನೆಯ ಮೇಲೆ ಕಾವೇರಿಯ ಧುಮುಕನ್ನು ವಿದ್ಯುತ್ತಾಗಿಸಲು ಮೈಸೂರು ಸಂಸ್ಥಾನ ಹೊರಟಿತ್ತು. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆ ಕಾಲಕ್ಕೆ ಜಗತ್ತಿನ ಬಹು ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ದೀಪ ಬಂತು. ಮಳವಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಮಾತ್ರ ಅದಾದ ಮೇಲೂ ಎಷ್ಟೋ ವರ್ಷ ಎಣ್ಣೆ ಬುಡ್ಡಿಯೇ ಗತಿ. ಗಣಿಗೆ ಕೊಟ್ಟ ವಿದ್ಯುತ್ತಿನಿಂದ ಸಂಸ್ಥಾನಕ್ಕೆ ಹಣ ಬಂತು, ಆ ಹಣ ಬೇರೆ ಕೆಲಸಗಳಿಗೆ ಆಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಚರಿತ್ರೆಯನ್ನು ಯಂತ್ರವಿದ್ಯೆಯ ಕಡೆಯಿಂದ ಓದುವವರು ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಲ್ಲಿಗೆ ಯಂತ್ರ ಬಹಳ ಬೇಗ ಬಂತು. ಆ ಯಂತ್ರವನ್ನು ಕಟ್ಟುವ, ನಡೆಸುವ, ರಿಪೇರಿ ಮಾಡುವ ವಿದ್ಯೆ ಇಲ್ಲಿನ ಮಕ್ಕಳ ಕೈಗೆ ಬಂದದ್ದು ಬಹಳ ತಡವಾಗಿ. ನಡುವಿನ ಅಂತರವನ್ನು ತುಂಬಿದ್ದು ದೊಡ್ಡ ದೊಡ್ಡ ಹೆಸರಿನ ಯೋಜನೆಗಳಿಗಿಂತ ಹೆಚ್ಚಾಗಿ ಫೀಸು, ಹಾಸ್ಟೆಲಿನ ಊಟ, ಬಸ್ ಪಾಸು, ಕಾಲೇಜಿನಲ್ಲೊಂದು ಸೀಟು ಎಂಬ ಸಣ್ಣ ಸಣ್ಣ ಸಂಗತಿಗಳು. ಅವು ಒಂದೊಂದಾಗಿ ದಕ್ಕಿದ ಕಥೆಯೇ ಈ ಲೇಖನ.

ವಿದ್ಯಾರ್ಥಿವೇತನದ ಬೆಲೆ ಏನೆಂದು ತಿಳಿಯಬೇಕಾದರೆ ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಮುದ್ದೇನಹಳ್ಳಿಯ ಹುಡುಗನೊಬ್ಬ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿಕೊಂಡು ಬಿ.ಎ. ಮುಗಿಸಿದ್ದ. ತಂದೆ ತೀರಿಕೊಂಡಿದ್ದರು. ಎಂಜಿನಿಯರಿಂಗ್ ಓದಬೇಕೆಂದರೆ ಸಂಸ್ಥಾನದಲ್ಲಿ ಕಾಲೇಜಿಲ್ಲ, ಪುಣೆಗೋ ಮದ್ರಾಸಿಗೋ ಹೋಗಬೇಕು, ಹೋಗಲು ದುಡ್ಡಿಲ್ಲ. ಮೈಸೂರು ಸರ್ಕಾರ ಅವನಿಗೊಂದು ವಿದ್ಯಾರ್ಥಿವೇತನ ಕೊಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಕಳಿಸಿತು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆ ಮುಗಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಮರುವರ್ಷ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಕಾಲು ಶತಮಾನ ಕಳೆದು, 1909ರಲ್ಲಿ, ಮೈಸೂರಿನ ಮುಖ್ಯ ಎಂಜಿನಿಯರಾಗಿ ಮರಳಿದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಶುರುವಾಯಿತು.

ಆ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ಬಂತು. ಮುಂದೆ ಆ ನಾಲೆಗೇ ವಿಶ್ವೇಶ್ವರಯ್ಯನವರ ಹೆಸರಾಯಿತು. ಇವತ್ತು ಎಲ್ಲರ ಬಾಯಲ್ಲೂ ಅದು ವಿ.ಸಿ. ನಾಲೆ. ಒಬ್ಬ ಬಡ ವಿದ್ಯಾರ್ಥಿಗೆ ಸರ್ಕಾರ ಕೊಟ್ಟ ಫೀಸಿನ ಹಣ ಇಡೀ ಜಿಲ್ಲೆಯ ಭತ್ತ, ಕಬ್ಬಾಗಿ ತಿರುಗಿ ಬಂದ ಉದಾಹರಣೆ ಇದು. ವಿದ್ಯಾರ್ಥಿವೇತನ ದಂಡದ ಖರ್ಚು ಎನ್ನುವವರು ಯಾರಾದರೂ ಸಿಕ್ಕರೆ ಅವರನ್ನು ವಿ.ಸಿ. ನಾಲೆಯ ಏರಿಯ ಮೇಲೆ ಒಂದು ಮೈಲಿ ನಡೆಸಿಕೊಂಡು ಹೋದರೆ ಸಾಕು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ, 1917ರಲ್ಲಿ, ಬೆಂಗಳೂರಿನಲ್ಲಿ ಸಂಸ್ಥಾನದ್ದೇ ಆದ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಇನ್ನು ಪುಣೆ, ಮದ್ರಾಸುಗಳ ಹಂಗಿಲ್ಲ. ಆದರೆ ಬಾಗಿಲು ತೆರೆದಾಕ್ಷಣ ಎಲ್ಲರೂ ಒಳಗೆ ಹೋಗಲಾಗುವುದಿಲ್ಲ. ಇಂಗ್ಲಿಷ್ ಶಾಲೆ ಕಂಡ, ಊರು ಬಿಟ್ಟು ನಗರ ಸೇರಿದ ಮನೆತನಗಳ ಮಕ್ಕಳಿಗೇ ಆ ದಾರಿ ಸುಲಭವಾಗಿತ್ತು. ಒಕ್ಕಲುತನದ ಮನೆಗಳು, ಕೇರಿಯ ಮನೆಗಳು ಹೊಸಿಲ ಆಚೆಗೇ ಉಳಿದಿದ್ದವು. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದ್ದರ ಹಿಂದೆ ಓದಿನ ಹಸಿವೇ ಮುಖ್ಯವಾಗಿತ್ತು. 1917ರಲ್ಲಿ ಕಟ್ಟಿದ ಪ್ರಜಾಮಿತ್ರ ಮಂಡಳಿ ಸರ್ಕಾರಿ ಕೆಲಸದಲ್ಲೂ ಓದಿನಲ್ಲೂ ಹಿಂದುಳಿದವರಿಗೆ ಪಾಲು ಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ನಿಂತಿತು. 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಬಂತು. ಹುದ್ದೆಗಳಲ್ಲಿ ಪಾಲಿನ ಜೊತೆಗೆ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳನ್ನೂ ಅದು ಕೇಳಿತು. ನೇಮಕಾತಿಯಲ್ಲಿ ಅರ್ಹತೆಯೊಂದನ್ನೇ ನೋಡಬೇಕೆಂಬ ನಿಲುವಿನ ವಿಶ್ವೇಶ್ವರಯ್ಯ ಅದೇ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು.

ಇಲ್ಲಿ ಒಬ್ಬರನ್ನು ಮೇಲೆತ್ತಿ ಇನ್ನೊಬ್ಬರನ್ನು ಕೆಳಗಿಳಿಸುವುದು ನನಗೆ ಸರಿ ಕಾಣುವುದಿಲ್ಲ. ಕಾಲೇಜು ಕಟ್ಟಿದ ವಿಶ್ವೇಶ್ವರಯ್ಯನವರಿಗೆ ಮಂಡ್ಯ ಋಣಿ. ಆ ಕಾಲೇಜಿನ ಬಾಗಿಲವರೆಗೆ ಹಳ್ಳಿಯ ಹುಡುಗನನ್ನು ಕರೆತಂದದ್ದು ಮಾತ್ರ ಮಿಲ್ಲರ್ ಸಮಿತಿ ಹಾಕಿಕೊಟ್ಟ ದಾರಿ. ಒಂದಿಲ್ಲದೆ ಇನ್ನೊಂದು ಮಂಡ್ಯದ ಪಾಲಿಗೆ ಅರ್ಧ ಕೆಲಸವೇ ಆಗುತ್ತಿತ್ತು.

ನಾಲೆಯಲ್ಲಿ ನೀರು ಬಂದ ಮೇಲೆ ಬದಲಾವಣೆ ಬೇಗ ಬೇಗ ಆಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಬ್ಬಿನ ಬೆನ್ನಿಗೆ ನಿಂತರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದೇ ಮುಂದೆ ಜನರ ಬಾಯಲ್ಲಿ ಮೈಷುಗರ್ ಆಯಿತು. 1939ರ ಜುಲೈ 1ರಂದು ಮಂಡ್ಯ ಮೈಸೂರಿನಿಂದ ಬೇರೆಯಾಗಿ ತಾನೇ ಜಿಲ್ಲೆಯಾಯಿತು. ಕಬ್ಬಿನ ಬಟವಾಡೆ ಕೈಗೆ ಬಂದ ಮನೆಗಳಲ್ಲಿ ಒಬ್ಬ ಮಗನನ್ನಾದರೂ ಮೈಸೂರಿಗೋ ಬೆಂಗಳೂರಿಗೋ ಕಳಿಸಿ ಹಾಸ್ಟೆಲಿನಲ್ಲಿಟ್ಟು ಓದಿಸುವ ಧೈರ್ಯ ಬಂತು. ನಾಲೆಯ ಕೊನೆಭಾಗದವರಿಗೆ, ನೀರೇ ಹತ್ತದ ಮೇಡಿನ ಊರಿನವರಿಗೆ ಆ ಧೈರ್ಯವಿರಲಿಲ್ಲ. ಹೆಣ್ಣುಮಕ್ಕಳ ಮಾತು ಯಾರೂ ಎತ್ತುತ್ತಿರಲಿಲ್ಲ.

ಈಗ 1962ಕ್ಕೆ ಬರೋಣ. ಈ ಕಥೆಯಲ್ಲಿ ಅದಕ್ಕಿಂತ ಮುಖ್ಯವಾದ ವರ್ಷ ಇನ್ನೊಂದಿಲ್ಲ.

ಆ ವರ್ಷ ಮದ್ದೂರು ವಿಧಾನಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ನಿಂತವರು ಕೆ.ವಿ. ಶಂಕರಗೌಡರು. ಜಿಲ್ಲೆಯಲ್ಲಿ ದೊಡ್ಡ ಹೆಸರು, ರಂಗಭೂಮಿಯ ಒಡನಾಟವಿದ್ದ ಮನುಷ್ಯ. ಅವರ ಪರವಾಗಿ ಸ್ವತಃ ಜವಾಹರಲಾಲ್ ನೆಹರೂ ಪ್ರಚಾರಕ್ಕೆ ಬಂದಿದ್ದರು. ಎದುರಿಗೆ ಪಕ್ಷೇತರರಾಗಿ ನಿಂತವರು ಸೋಮನಹಳ್ಳಿಯ ಮೂವತ್ತರ ಹರೆಯದ ತರುಣ, ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ ಕಾನೂನು ಓದಿ ಬಂದಿದ್ದ ಎಸ್.ಎಂ. ಕೃಷ್ಣ. ಗೆದ್ದದ್ದು ಕೃಷ್ಣ.

ಸೋತ ಶಂಕರಗೌಡರು ಅದೇ 1962ರಲ್ಲಿ ಮಂಡ್ಯದಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಜನತಾ ಶಿಕ್ಷಣ ಸಂಸ್ಥೆಯ, ಊರವರು ಕರೆಯುವಂತೆ ಪಿ.ಇ.ಎಸ್. ಕಾಲೇಜು. ಆಗಿನ ಮಂಡ್ಯ ಹೇಗಿತ್ತೆಂದು ಯೋಚಿಸಿ ನೋಡಿ. ಸಕ್ಕರೆ ಕಾರ್ಖಾನೆಯ ಕೊಳವೆ ಬಿಟ್ಟರೆ ಎತ್ತರದ್ದೇನೂ ಇಲ್ಲದ ಪೇಟೆ. ಜಿಲ್ಲೆಯಾಗಿ ಇಪ್ಪತ್ಮೂರು ವರ್ಷ. ಹೈಸ್ಕೂಲು ಮುಟ್ಟುವುದೇ ಸಾಧನೆ ಎನ್ನುವ ಊರುಗಳು. ಅಂಥಲ್ಲಿ ಡಿಗ್ರಿ ಕಾಲೇಜು ಕೇಳುವುದು ಒಂದು, ಎಂಜಿನಿಯರಿಂಗ್ ಕಾಲೇಜು ಕಟ್ಟುವುದು ಇನ್ನೊಂದು. ಪ್ರಯೋಗಶಾಲೆ ಬೇಕು, ವರ್ಕ್‌ಶಾಪು ಬೇಕು, ಲೇತು ಬೇಕು, ಇದನ್ನೆಲ್ಲ ಕಲಿಸಬಲ್ಲ ಮೇಷ್ಟ್ರು ಮಂಡ್ಯಕ್ಕೆ ಬಂದು ನೆಲೆಸಬೇಕು. ಸರ್ಕಾರದ ಅನುದಾನ ಈ ಕಾಲೇಜಿನ ಬೆನ್ನಿಗೆ ಇಲ್ಲದಿದ್ದರೆ ಕಟ್ಟಡ ಎದ್ದರೂ ಕಾಲೇಜು ಬದುಕುತ್ತಿರಲಿಲ್ಲ. ಊರವರು ಕಟ್ಟಿದ್ದಕ್ಕೆ ಸರ್ಕಾರ ಸಂಬಳ ಕೊಟ್ಟಿತು, ಅದರಿಂದ ಫೀಸು ರೈತನ ಕೈಗೆ ಎಟುಕುವಂತೆ ಉಳಿಯಿತು. ಮುಂದಿನ ದಿನಗಳಲ್ಲಿ ರಾಜ್ಯದ ತುಂಬ ಎದ್ದ ದುಬಾರಿ ಕಾಲೇಜುಗಳಿಗೂ ಇದಕ್ಕೂ ಇರುವ ಅಂತರ ಇದೇ.

ಮದ್ದೂರು ಕಡೆಯಿಂದ ಸೈಕಲ್ಲಿನಲ್ಲೋ ರೈಲಿನಲ್ಲೋ ಬಂದು ಸಂಜೆ ಮನೆ ಸೇರಬಹುದಾದ ದೂರದಲ್ಲಿ ಎಂಜಿನಿಯರಿಂಗ್ ಕಾಲೇಜು ಇದೆ ಎಂಬುದೇ ಎಷ್ಟೋ ಮನೆಗಳ ಲೆಕ್ಕಾಚಾರವನ್ನು ಬದಲಿಸಿತು. ಬೆಂಗಳೂರಿನ ರೂಮು ಬಾಡಿಗೆ ಇಲ್ಲ, ಹೋಟೆಲು ಊಟ ಇಲ್ಲ, ಕಬ್ಬು ಕಡಿಯುವ ಹೊತ್ತಿಗೆ ಮಗ ಮನೆಯಲ್ಲಿರುತ್ತಾನೆ. ನೀರಾವರಿ ಇಲಾಖೆ, ಲೋಕೋಪಯೋಗಿ ಇಲಾಖೆ, ವಿದ್ಯುತ್ ಮಂಡಳಿಗಳಲ್ಲಿ ಮಂಡ್ಯದ ಎಂಜಿನಿಯರುಗಳು ಕಾಣಿಸಿಕೊಳ್ಳತೊಡಗಿದ್ದು ಆಮೇಲೆ. ಶಂಕರಗೌಡರು ಮುಂದೆ ರಾಜ್ಯದ ಶಿಕ್ಷಣ ಮಂತ್ರಿಯಾದರು, 1984ರಲ್ಲಿ ಮಂಡ್ಯದಿಂದ ಲೋಕಸಭೆಗೂ ಹೋದರು. ಅಧಿಕಾರ ಇದ್ದಾಗಲೂ ಇಲ್ಲದಾಗಲೂ ಮಂಡ್ಯದ ಜನ ಅವರನ್ನು ನಿತ್ಯ ಸಚಿವ ಎಂದೇ ಕರೆದರು. ಸೋತವರನ್ನು ಚರಿತ್ರೆ ಮರೆಯುತ್ತದೆ ಎಂಬ ಮಾತು ಇವರ ಮಟ್ಟಿಗೆ ಸುಳ್ಳಾಯಿತು. ಕೆ.ಎಂ. ದೊಡ್ಡಿಯಲ್ಲಿ ಜಿ. ಮಾದೇಗೌಡರು ಕಟ್ಟಿದ ಭಾರತಿ ವಿದ್ಯಾಸಂಸ್ಥೆಯೂ ಇದೇ ಜಾಡಿನದು. ಮದ್ದೂರು, ಮಳವಳ್ಳಿ ನಡುವಿನ ಹಳ್ಳಿಗಳ ಮಕ್ಕಳಿಗೆ ಅದೇ ಹತ್ತಿರದ ಕಾಲೇಜು.

ಕಾಲೇಜು ಹತ್ತಿರ ಬಂದರೂ ಉಳಿದುಹೋದವರಿದ್ದರು. ಜಮೀನಿಲ್ಲದವರ, ದಲಿತ ಕೇರಿಗಳ ಮಕ್ಕಳು. ದೇವರಾಜ ಅರಸು ಸರ್ಕಾರ 1972ರಲ್ಲಿ ಹಿಂದುಳಿದ ವರ್ಗಗಳಿಗಾಗಿ ಎಲ್.ಜಿ. ಹಾವನೂರು ಆಯೋಗವನ್ನು ನೇಮಿಸಿತು, 1975ರಲ್ಲಿ ವರದಿ ಬಂತು. ಹಿಂದುಳಿದ ವರ್ಗಗಳ ಹಾಸ್ಟೆಲುಗಳು, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳು ತಾಲ್ಲೂಕು ಮಟ್ಟಕ್ಕೆ ಹರಡಿದ್ದು ಆ ದಶಕದ ಕೊಡುಗೆ. ಸರ್ಕಾರಿ ಹಾಸ್ಟೆಲಿನ ಸೋರುವ ಚಾವಣಿ, ತೆಳು ಸಾರು ಎಲ್ಲರಿಗೂ ಗೊತ್ತು. ಆದರೂ ಮಳವಳ್ಳಿಯ ಒಳಹಳ್ಳಿಯ ಕೂಲಿಕಾರನ ಮಗ ಮಂಡ್ಯದ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಉಳಿದುಕೊಂಡು ಡಿಪ್ಲೊಮಾ ಮುಗಿಸಿದ್ದರೆ, ಅವನನ್ನು ಉಳಿಸಿದ್ದು ಆ ತೆಳು ಸಾರೇ.

ಎಂಬತ್ತರ ದಶಕ ಬೇರೆ ಸಂಕಟ ತಂದಿತು. ರಾಜ್ಯದ ತುಂಬ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಎದ್ದವು, ಕ್ಯಾಪಿಟೇಶನ್ ಎಂಬ ಹೆಸರಿನಲ್ಲಿ ಸೀಟು ಮಾರಾಟಕ್ಕೆ ಬಿತ್ತು. ಗದ್ದೆ ಮಾರಿ ಸೀಟು ಕೊಳ್ಳುವವರೂ ಇದ್ದರು, ಮಾರಲು ಗದ್ದೆಯೇ ಇಲ್ಲದವರೂ ಇದ್ದರು. 1984ರಲ್ಲಿ ಕರ್ನಾಟಕ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಕಾಯ್ದೆಯಿಂದ ಮಾತ್ರ ಹಾವಳಿ ನಿಲ್ಲಲಿಲ್ಲ. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆ, 1993ರಲ್ಲಿ ಉಣ್ಣಿಕೃಷ್ಣನ್ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮೇಲೆ ಖಾಸಗಿ ಕಾಲೇಜಿನ ಅರ್ಧದಷ್ಟು ಸೀಟುಗಳು ಮೆರಿಟ್ಟಿನ ಮೇಲೆ ಸರ್ಕಾರಿ ದರಕ್ಕೆ ಸಿಗುವಂತಾಯಿತು. ಅವನ್ನು ಹಂಚಲು 1994ರಲ್ಲಿ ಸಿ.ಇ.ಟಿ. ಘಟಕ ಬಂತು. ಒಂದೇ ಪರೀಕ್ಷೆ, ಒಂದೇ ರ್‍ಯಾಂಕ್ ಪಟ್ಟಿ.

ಮಂಡ್ಯದ ಮನೆಗಳಲ್ಲಿ ಸಿ.ಇ.ಟಿ. ಕೌನ್ಸೆಲಿಂಗ್ ಒಂದು ತಲೆಮಾರಿನ ನೆನಪು. ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರು ಸೇರಿ, ಮಲ್ಲೇಶ್ವರದ ಸಿ.ಇ.ಟಿ. ಕಚೇರಿಯ ಮುಂದೆ ಅಪ್ಪಂದಿರು ಪ್ಲಾಸ್ಟಿಕ್ ಕವರು ಹಿಡಿದು ಕೂರುತ್ತಿದ್ದರು. ಕವರಿನೊಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ತಹಸೀಲ್ದಾರರ ಸಹಿಯಿದ್ದ ಜಾತಿ ಆದಾಯ ಪತ್ರ, ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದಕ್ಕೆ ಶಿಕ್ಷಣಾಧಿಕಾರಿ ಮೊಹರು ಒತ್ತಿದ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪತ್ರ ಬೇರೆ. ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5ರ ಮೀಸಲು ಸೀಟು ಆ ಎರಡು ಕಾಗದಗಳ ಮೇಲೆ ನಿಂತಿತ್ತು. ಒಂದು ಮೊಹರು ಮಾಸಿದ್ದರೆ ಮತ್ತೆ ಮದ್ದೂರಿಗೆ ಓಡಬೇಕು. ಒಳಗೆ ಪರದೆಯ ಮೇಲೆ ಕಾಲೇಜುಗಳ ಹೆಸರು, ಉಳಿದಿರುವ ಸೀಟುಗಳ ಲೆಕ್ಕ ಇಳಿಯುತ್ತ ಹೋಗುತ್ತಿತ್ತು. "ಯಾವ್ದಾರ ತಕೊ ಮಗ, ಮಂಡ್ಯದಲ್ಲೇ ಸಿಕ್ರೆ ಇನ್ನೂ ವಾಸಿ" ಎನ್ನುವ ಅಪ್ಪ, ಕಂಪ್ಯೂಟರ್ ಸೈನ್ಸ್ ತುಂಬಿಹೋಗುತ್ತದೆಂದು ಉಸಿರು ಹಿಡಿದ ಮಗ ಅಥವಾ ಮಗಳು. ಹೌದು, ಆ ಹೊತ್ತಿಗೆ ಮಗಳೂ ಬಂದಿದ್ದಳು. ಅಪ್ಪನಿಗೆ ಪರಿಚಯದ ಮಂತ್ರಿಯಿಲ್ಲದೆ, ಕೈಯಲ್ಲಿ ಲಕ್ಷ ರೂಪಾಯಿಯಿಲ್ಲದೆ, ಬರೀ ರ್‍ಯಾಂಕಿನ ಬಲದಿಂದ ಸೀಟು ಕೇಳುವ ಹಕ್ಕು ರೈತನ ಮಕ್ಕಳಿಗೆ ಮೊದಲ ಬಾರಿಗೆ ಬಂದದ್ದು ಅಲ್ಲಿ. ಸರ್ಕಾರ ಯುವಜನರಿಗೆ ಕೊಟ್ಟ ನೆರವುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ. ಇದರಲ್ಲಿ ಯಾರೂ ಯಾರಿಗೂ ದಾನ ಮಾಡಲಿಲ್ಲ.

1999ರಲ್ಲಿ ಅದೇ ಎಸ್.ಎಂ. ಕೃಷ್ಣ, ಅದೇ ಮದ್ದೂರಿನಿಂದ ಗೆದ್ದು ಮುಖ್ಯಮಂತ್ರಿಯಾದರು. ಬೆಂಗಳೂರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಹದಿನಾಲ್ಕು ವರ್ಷ, ಮಾಹಿತಿ ತಂತ್ರಜ್ಞಾನಕ್ಕೆಂದೇ ರಾಜ್ಯ ಮೊದಲ ನೀತಿ ಮಾಡಿ ಎರಡು ವರ್ಷ ಆಗಿತ್ತು. ಕೃಷ್ಣ ಸರ್ಕಾರ 2000ದಲ್ಲಿ ಹೊಸ ನೀತಿ ತಂದು ಅದಕ್ಕೆ ಮಾಹಿತಿ ಎಂದು ಹೆಸರಿಟ್ಟಿತು. ಅದರ ಕೆಳಗೆ ಬಂದದ್ದು ಯುವ ಡಾಟ್ ಕಾಂ. ಕೆಲಸವಿಲ್ಲದ ವಿದ್ಯಾವಂತರಿಗೆ ಅವರ ತಾಲ್ಲೂಕಿನಲ್ಲೇ ಕಂಪ್ಯೂಟರ್ ತರಬೇತಿ. ಕಿಯೋನಿಕ್ಸ್ ಬೋರ್ಡು ಹೊತ್ತ ಆ ಕೇಂದ್ರಗಳಲ್ಲಿ, ಮೇಲಂತಸ್ತಿನ ಒಂದೇ ಕೋಣೆಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಹೋಗಿ ಟ್ಯಾಲಿ, ಡಿ.ಟಿ.ಪಿ. ಕಲಿತವರು ಇವತ್ತಿಗೂ ಸಿಗುತ್ತಾರೆ. 2001ರಲ್ಲಿ ಮಾಹಿತಿ ಸಿಂಧು ಯೋಜನೆ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಪಾಠ ತಂದಿತು. ಗುತ್ತಿಗೆಗೆ ಬಂದ ಮೇಷ್ಟ್ರು, ಗಂಟೆಗಟ್ಟಲೆ ಹೋಗುವ ಕರೆಂಟು, ಒಂದು ಪರದೆಯ ಮುಂದೆ ಹಲವು ಮಕ್ಕಳು. ಅಷ್ಟಾದರೂ ಹಳ್ಳಿಯ ಹುಡುಗಿಯೊಬ್ಬಳು ಕೀಬೋರ್ಡನ್ನು ಮೊದಲ ಸಲ ಮುಟ್ಟಿದ್ದು ತನ್ನೂರಿನ ಸರ್ಕಾರಿ ಶಾಲೆಯಲ್ಲಿ ಎಂಬುದು ಸಣ್ಣ ಮಾತಲ್ಲ.

ಅದೇ ಹೊತ್ತಿಗೆ ಭೂಮಿ ಯೋಜನೆ ಬಂತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ಈ ಕೆಲಸದಲ್ಲಿ 67 ಲಕ್ಷ ಖಾತೆದಾರರ ಎರಡು ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಗಂಟಿನಿಂದ ಕಂಪ್ಯೂಟರಿಗೆ ಏರಿದವು. ಅದು ಮೊದಮೊದಲು ಜಾರಿಯಾದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದು. ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಅಚ್ಚಾದ ಪಹಣಿ ಸಿಗುತ್ತಿತ್ತು. ಕಂಪ್ಯೂಟರ್ ಎಂದರೆ ಬೆಂಗಳೂರಿನವರ ಸಂಬಳದ ಮಾತಲ್ಲ, ನನ್ನ ಹೊಲದ ಮಾತು ಎಂದು ರೈತನಿಗೆ ಅನ್ನಿಸಿದ್ದು ಆಗ.

ಆದರೆ ಆ ವರ್ಷಗಳಲ್ಲಿ ಮಳೆ ಕೈಕೊಟ್ಟಿತ್ತು. ಕನ್ನಂಬಾಡಿ ಬರಿದಾಯಿತು, ನೀರಿಗಾಗಿ ಮಂಡ್ಯ ಬೀದಿಗಿಳಿಯಿತು. 2002ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯೇ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಸಾಲದ ಹೊರೆ ತಾಳಲಾರದೆ ರೈತರು ಜೀವ ಕಳೆದುಕೊಂಡ ಸುದ್ದಿ ಪತ್ರಿಕೆಗಳಲ್ಲಿ ತುಂಬಿತ್ತು. ಒಂದು ಪುಟದಲ್ಲಿ ಬೆಂಗಳೂರಿನ ಹೊಸ ಕ್ಯಾಂಪಸ್ಸು, ಮಗ್ಗುಲ ಪುಟದಲ್ಲಿ ಒಣಗಿದ ಕಬ್ಬು. 2004ರಲ್ಲಿ ಕೃಷ್ಣ ಅವರ ಪಕ್ಷ ಬಹುಮತ ಕಳೆದುಕೊಂಡಿತು. ಕೃಷ್ಣ ಬೆಂಗಳೂರಿಗೇ ದುಡಿದರು ಎಂಬ ದೂರನ್ನು ಮಂಡ್ಯದಲ್ಲಿ ಈಗಲೂ ಕೇಳಬಹುದು. ಆ ದೂರಿನಲ್ಲಿ ಸತ್ಯವಿದೆ. ಆದರೆ ಶಂಕರಗೌಡರ ಕಾಲೇಜಿನಲ್ಲಿ ಓದಿ ಹೊರಬಂದ ಸಾವಿರಾರು ಹುಡುಗ ಹುಡುಗಿಯರು ಕೆಲಸ ಕಂಡದ್ದು ಅದೇ ಬೆಂಗಳೂರಿನಲ್ಲಿ. 1962ರಲ್ಲಿ ಎದುರಾಳಿಗಳಾಗಿದ್ದ ಇಬ್ಬರ ಕೆಲಸ, ಅವರು ಎಣಿಸದ ರೀತಿಯಲ್ಲಿ, ಒಂದಕ್ಕೊಂದು ಪೂರಕವಾಗಿ ಕೂಡಿಕೊಂಡಿತು. ಬರಗಾಲದ ವರ್ಷಗಳಲ್ಲಿ ಎಷ್ಟೋ ಒಕ್ಕಲು ಮನೆಗಳು ತಡೆದುಕೊಂಡದ್ದು ನಗರದಿಂದ ಬಂದ ಮಗನ ಸಂಬಳದಿಂದ.

2007ರಲ್ಲಿ ಇದೇ ಜಿಲ್ಲೆಯ ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಶಿವನಸಮುದ್ರದ ಟರ್ಬೈನು ತಿರುಗಿ ನೂರೈದು ವರ್ಷಗಳ ನಂತರ. ಇದಕ್ಕೆ ಬೇರೆ ಟಿಪ್ಪಣಿ ಬೇಡ.

ಆಮೇಲಿನದ್ದು ಈ ಕಾಲದ ಕಥೆ. 2013–14ರಲ್ಲಿ ಬಂದ ವಿದ್ಯಾಸಿರಿ, ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಟ್ಟಿತು. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರದ ರೈತ ವಿದ್ಯಾನಿಧಿ ರೈತರ ಮಕ್ಕಳಿಗೆ ವರ್ಷಕ್ಕೆ 2,500ರಿಂದ 11,000 ರೂಪಾಯಿವರೆಗೆ ಗೊತ್ತುಮಾಡಿತು. ಇದರ ಹಣ ಖಾತೆಗೆ ಬೀಳುವುದಕ್ಕೆ ರೈತರ ನೋಂದಣಿಯ ಫ್ರೂಟ್ಸ್ ದತ್ತಾಂಶ ಆಧಾರ, ಆ ದತ್ತಾಂಶಕ್ಕೆ ಪಹಣಿ ಆಧಾರ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ದು, ಅಣ್ಣತಮ್ಮಂದಿರ ಜಗಳದಲ್ಲಿ ಪೌತಿ ಖಾತೆ ಆಗದೆ ನಿಂತಿದ್ದರೆ, ಬೆವರು ಸುರಿಸುವ ರೈತನೂ ಲೆಕ್ಕದಲ್ಲಿ ರೈತನಲ್ಲ. ಮಗಳ ಡಿಪ್ಲೊಮಾ ಫೀಸಿಗಾಗಿ ನಾಡಕಚೇರಿ ಮೆಟ್ಟಿಲು ಹತ್ತುವ ಅಪ್ಪನಿಗೆ ಇದು ಅರ್ಥವಾಗುವುದು ಕೊನೆಯ ದಿನಾಂಕ ಹತ್ತಿರ ಬಂದಾಗ. ಪೌತಿ ಖಾತೆಯ ಕೆಲಸವನ್ನು ಗ್ರಾಮ ಆಡಳಿತಾಧಿಕಾರಿಗಳು ಮನೆಬಾಗಿಲಿಗೆ ಬಂದು ಮುಗಿಸಿಕೊಟ್ಟರೆ ಅದೂ ವಿದ್ಯಾರ್ಥಿಗೆ ಮಾಡಿದ ಸಹಾಯವೇ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರೈಲು ಇಲ್ಲದ ಮಳವಳ್ಳಿಯಂಥ ತಾಲ್ಲೂಕಿನಿಂದ ಮಂಡ್ಯಕ್ಕೋ ಮೈಸೂರಿಗೋ ದಿನಾ ಓಡಾಡಿ ಓದುವ ಹುಡುಗಿಗೆ ಇದರ ಬೆಲೆ ಏನೆಂದು ಅವರ ಮನೆಯಲ್ಲಿ ಕೇಳಬೇಕು. ಇದು ಶಿಕ್ಷಣ ಇಲಾಖೆಯ ಯೋಜನೆಯಲ್ಲ, ಆದರೆ ಓದನ್ನು ಉಳಿಸುವುದರಲ್ಲಿ ಎಷ್ಟೋ ವಿದ್ಯಾರ್ಥಿವೇತನಗಳಿಗಿಂತ ಮುಂದಿದೆ.

2024ರ ಜನವರಿ 12ರಂದು ಯುವನಿಧಿಯ ಮೊದಲ ಕಂತು ಬಿಡುಗಡೆಯಾಯಿತು. ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಹಸಿದ ಮನೆಗೆ ಆ ಹಣ ಬೇಕು, ಅದನ್ನು ಹೀಗಳೆಯುವುದು ತಪ್ಪು. ಆದರೆ ಕೆಲಸ ಸಿಕ್ಕಿಲ್ಲವೆಂದು ಆಗಾಗ ಘೋಷಣೆ ಮಾಡಿಕೊಂಡು ಕಾಯುವ ಎಂಜಿನಿಯರಿಗೆ ಕೈಯ ಕಸುಬು ಮಾಸಿಹೋಗದಂತೆ ಒಂದು ಜಾಗವೂ ಬೇಕು. 1961ರ ಅಪ್ರೆಂಟಿಸ್ ಕಾಯ್ದೆ ನಮ್ಮಲ್ಲಿದೆ, ಪದವೀಧರ ಮತ್ತು ಡಿಪ್ಲೊಮಾ ಅಪ್ರೆಂಟಿಸುಗಳ ಭತ್ಯೆಯಲ್ಲಿ ಕೇಂದ್ರ ಸರ್ಕಾರ ಪಾಲು ಹೊರುತ್ತದೆ. ಯುವನಿಧಿಯ ಮೊತ್ತವನ್ನು ಇದಕ್ಕೆ ಜೋಡಿಸಿ, ತೂಬಿನಕೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳ ಘಟಕಗಳಲ್ಲಿ, ನೀರಾವರಿ ನಿಗಮದಲ್ಲಿ, ಮೈಷುಗರ್ ಕಾರ್ಖಾನೆಯಲ್ಲಿ ಜಿಲ್ಲೆಯ ಹೊಸ ಎಂಜಿನಿಯರುಗಳಿಗೆ ಒಂದೊಂದು ವರ್ಷದ ಅಪ್ರೆಂಟಿಸ್ ಕೆಲಸ ಕೊಡಿಸುವುದು ಜಿಲ್ಲಾಡಳಿತ ಮನಸ್ಸು ಮಾಡಿದರೆ ಆಗುವಂಥದ್ದು. ಬರುವ ಬಜೆಟ್ಟಿನ ಚರ್ಚೆಯಲ್ಲಿ ಮೂರೂ ತಾಲ್ಲೂಕುಗಳ ಶಾಸಕರು ಎತ್ತಬೇಕಾದ ಮಾತು ಇದು.